ಸ್ಲೋ ಮಾಡಿದರೆ ಆಫ್ ಆಗುವ ಹಳೇ ಬೋಟ್ ಮೋಟರ್

ನನ್ನ ಭಾಮೈದ ಮಂಡ್ಯದ ಹತ್ತಿರ ಮೀನು ಸಾಕಲು ಒಂದು ಕೆರೆ ಗುತ್ತಿಗೆ ಹಿಡಿದಿದ್ದಾನೆ. ಹುಟ್ಟು ಹಾಕಿ ಹಾಕಿ ಸಾಕಾಗಿ, ಫೈಬರ್ ದೋಣಿಗೆ 8 ಎಚ್‌ಪಿಯ ಹಳೇ ಔಟ್‌ಬೋರ್ಡ್ ಮೋಟರ್ ತಂದ. ಎರಡು ಸಿಲಿಂಡರಿನ ಟೂ ಸ್ಟ್ರೋಕ್. ರೇಸ್ ಕೊಟ್ಟರೆ ಹುಲಿ. ಬಲೆ ಎತ್ತೋಣ ಅಂತ ಸ್ಲೋ ಮಾಡಿದರೆ ಗಪ್ ಅಂತ ಆಫ್.

ಅವನು ಏನು ಮಾಡಿದ ಗೊತ್ತಾ? ಎಲ್ಲರೂ ಮಾಡುವುದನ್ನೇ. ಸ್ಲೋ ಮಾಡಿದಾಗಿನ ಸ್ಪೀಡ್ ಏರಿಸುವ ಸ್ಲೋ ಸ್ಪೀಡ್ ಸ್ಕ್ರೂ ಎರಡು ಸುತ್ತು ಬಿಗಿ ಮಾಡಿದ. ಮೋಟರ್ ಆಫ್ ಆಗುವುದು ನಿಂತಿತು. ಆದರೆ ಗೇರ್ ಹಾಕಿದಾಗಲೆಲ್ಲ ಧಡ್ ಅನ್ನುತ್ತಿತ್ತು. ಈ ಮೋಟರ್‌ಗಳಲ್ಲಿ ಬೈಕಿನ ಹಾಗೆ ಕ್ಲಚ್ ಪ್ಲೇಟ್ ಇಲ್ಲ. ಹಲ್ಲಿಗೆ ಹಲ್ಲು ನೇರವಾಗಿ ಕಚ್ಚಿಕೊಳ್ಳುತ್ತವೆ. ಜಾಸ್ತಿ ಸ್ಪೀಡಿನಲ್ಲಿ ಗೇರ್ ಹಾಕಿದರೆ ಆ ಹಲ್ಲಿನ ಮೂಲೆ ಸವೆಯುತ್ತದೆ. ಆಮೇಲೆ ಗೇರ್ ಜಾರಲು ಶುರು. ಹತ್ತು ರೂಪಾಯಿ ಕೆಲಸ ಬಿಟ್ಟು ಸಾವಿರಾರು ರೂಪಾಯಿ ಖರ್ಚು ತಂದುಕೊಂಡ. ಅದಕ್ಕೇ ಮೊದಲೇ ಹೇಳುತ್ತೇನೆ, ಆ ಸ್ಕ್ರೂ ಮುಟ್ಟಬೇಡಿ. ಅದರ ಸರದಿ ಕೊನೆಗೆ.

ಮೊದಲು ಪೆಟ್ರೋಲ್

ಹಳೇ ಪೆಟ್ರೋಲ್ ಒಂದು ಗಾಜಿನ ಬಾಟಲಿಗೆ ಹಿಡಿದು ಅರ್ಧ ಗಂಟೆ ಬಿಡಿ. ಅಡಿಯಲ್ಲಿ ಬೇರೆ ಪದರ ಕಂಡರೆ ನೀರು ಸೇರಿದೆ. ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಕಬ್ಬಿನಿಂದಲೂ ಬರುತ್ತದೆ ಎಂದು ಮಂಡ್ಯದವರಿಗೆ ಹೇಳಬೇಕಿಲ್ಲ. ಕಬ್ಬಿಗೆ ಒಳ್ಳೆಯದು, ನಮ್ಮ ಹಳೇ ಮೋಟರ್‌ಗೆ ಅಷ್ಟೇನಲ್ಲ. ಅದು ನೀರನ್ನು ಎಳೆದುಕೊಳ್ಳುತ್ತದೆ, ಹಳೇ ರಬ್ಬರ್ ಪೈಪನ್ನೂ ಮೆತ್ತಗೆ ಮಾಡುತ್ತದೆ. ಎರಡು ತಿಂಗಳು ನಿಂತ ಪೆಟ್ರೋಲ್ ಬೇಡ. ಕೆರೆಗೆ ಚೆಲ್ಲಲೂ ಬೇಡಿ, ಮೀನು ನಿಮ್ಮದೇ.

ಹೊಸ ಪೆಟ್ರೋಲ್‌ಗೆ ಆಯಿಲ್ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಎಂಎಲ್, 25ಕ್ಕೆ 1 ಎಂದಿದ್ದರೆ 40 ಎಂಎಲ್. ಟಿಸಿ-ಡಬ್ಲ್ಯು3 ಎಂದು ಬರೆದಿರುವ ಬೋಟ್ ಆಯಿಲ್ಲೇ ಹಾಕಿ, ಸ್ಕೂಟರ್ ಆಯಿಲ್ ಬೇಡ. ‘ಟ್ಯಾಂಕ್‌ಗೆ ಸುರಿದರೆ ಕಾರ್ಬೊರೇಟರ್ ತಾನೇ ಕ್ಲೀನ್’ ಎನ್ನುವ ಸಣ್ಣ ಬಾಟಲಿಗಳನ್ನು ನಾನೂ ಕೊಂಡಿದ್ದೇನೆ. ಗಟ್ಟಿಯಾಗಿ ಕೂತ ಅಂಟನ್ನು ಅದು ಅಲ್ಲಾಡಿಸಲೂ ಇಲ್ಲ.

ಪ್ಲಗ್ ಎರಡನ್ನೂ ಬಿಚ್ಚಿ ನೋಡಿ. ಒಂದು ಕಂದು, ಇನ್ನೊಂದು ಕಪ್ಪಗೆ ಒದ್ದೆ ಇದ್ದರೆ ಒದ್ದೆಯದು ಉರಿಯುತ್ತಿಲ್ಲ. ಪ್ಲಗ್ ಬದಲಿಸಿ. ಅಗ್ಗದ ವಸ್ತು, ಉಜ್ಜುತ್ತಾ ಕೂರಬೇಡಿ.

ಚೋಕ್ ಹೇಳುವ ಗುಟ್ಟು

ಇನ್ನೊಂದು ಮಾತು. ದಡದಲ್ಲಿ ಒಣಗೆ ಸ್ಟಾರ್ಟ್ ಮಾಡಬೇಡಿ. ನೀರಿಲ್ಲದೆ ತಿರುಗಿದರೆ ವಾಟರ್ ಪಂಪಿನ ರಬ್ಬರ್ ಕೆಲವೇ ಸೆಕೆಂಡ್‌ಗಳಲ್ಲಿ ಸುಡುತ್ತದೆ. ಪರೀಕ್ಷೆಗೆ 200 ಲೀಟರ್ ಡ್ರಮ್ ಸಾಕು.

ಮೋಟರ್ ಬಿಸಿಯಾಗಲಿ. ಸ್ಲೋ ಮಾಡಿ, ಸಾಯಲು ಹೊರಟ ಆ ಗಳಿಗೆಯಲ್ಲಿ ಪೈಪ್‌ನಲ್ಲಿರುವ ರಬ್ಬರ್ ಬಲ್ಬ್ ಹಿಸುಕಿ. ಚೇತರಿಸಿಕೊಂಡರೆ ಪೆಟ್ರೋಲ್ ಬರುತ್ತಿಲ್ಲ. ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ, ಪೈಪ್ ಜಾಯಿಂಟಿನ ಓ-ರಿಂಗ್, ಫ್ಯುಯಲ್ ಪಂಪಿನ ಡಯಾಫ್ರಾಮ್ (ಒಳಗಿನ ತೆಳು ಪೊರೆ), ಈ ಮೂರನ್ನು ನೋಡಿ. ಬಲ್ಬ್‌ನಿಂದ ಏನೂ ಆಗದೆ, ಚೋಕ್ ಸ್ವಲ್ಪ ಎಳೆದಾಗ ಸುಧಾರಿಸಿದರೆ ಸ್ಲೋ ಜೆಟ್, ಅಂದರೆ ಸ್ಲೋ ಓಟಕ್ಕೆ ಪೆಟ್ರೋಲ್ ಬಿಡುವ ಕಾರ್ಬೊರೇಟರಿನ ಪುಟ್ಟ ತೂತಿನ ತುಂಡು, ಕಟ್ಟಿದೆ. ಅಥವಾ ಎಲ್ಲೋ ಸಂದಿಯಿಂದ ಬೇಡದ ಗಾಳಿ ಎಳೆಯುತ್ತಿದೆ. ಚೋಕ್ ಎಳೆದಾಗ ಇನ್ನೂ ಬೇಗ ಸತ್ತರೆ ಪೆಟ್ರೋಲ್ ಜಾಸ್ತಿಯಾಗುತ್ತಿದೆ, ಕಾರ್ಬೊರೇಟರಿಗೆ ಬರುವ ಪೆಟ್ರೋಲ್ ತಡೆಯುವ ಫ್ಲೋಟ್ ನೀಡಲ್ ನೋಡಿ. ಗೇರ್ ಹಾಕಿದಾಗ ಮಾತ್ರ ಆಫ್ ಆದರೆ ನೀರಿನೊಳಗಿನ ಫ್ಯಾನ್ (ಪ್ರೊಪೆಲರ್) ಬಿಚ್ಚಿ. ಶಾಫ್ಟ್‌ಗೆ ಬಲೆಯ ನೈಲಾನ್ ದಾರವೋ ಜೊಂಡೋ ಸುತ್ತಿಕೊಂಡಿರುತ್ತದೆ.

ಕಾರ್ಬೊರೇಟರ್: ಕೆಡುವುದು ಇಲ್ಲೇ

ಕಾರ್ಬೊರೇಟರ್ ಬಿಚ್ಚುವ ಮುಂಚೆ ಫೋನ್‌ನಲ್ಲಿ ನಾಲ್ಕು ಫೋಟೊ ತೆಗೆಯಿರಿ. ಸ್ಲೋದಲ್ಲಿ ಪೆಟ್ರೋಲ್, ಗಾಳಿಯ ಬೆರಕೆ ಹೊಂದಿಸುವ ಮಿಕ್ಸ್ಚರ್ ಸ್ಕ್ರೂವನ್ನು ಮೆತ್ತಗೆ ಒಳಗೆ ತಿರುಗಿಸುತ್ತಾ ಎಷ್ಟು ಸುತ್ತಿಗೆ ಕೂರುತ್ತದೆ ಎಂದು ಎಣಿಸಿ, ಚೀಟಿಯಲ್ಲಿ ಬರೆದಿಡಿ. ಕೂತಿತು ಅನ್ನಿಸಿದ ಕೂಡಲೇ ನಿಲ್ಲಿಸಿ. ಬಿಗಿ ಮಾಡಿದರೆ ಮೊನೆಯಲ್ಲಿ ಗೆರೆ ಬೀಳುತ್ತದೆ. ಆಮೇಲೆ ಆ ಮೋಟರ್ ಎಷ್ಟು ಟ್ಯೂನ್ ಮಾಡಿದರೂ ಸ್ಲೋದಲ್ಲಿ ಸರಿಯಾಗಿ ಓಡಲ್ಲ.

ಮೇನ್ ಜೆಟ್ ದೊಡ್ಡದು, ಕಣ್ಣಿಗೆ ಕಾಣುತ್ತದೆ. ಜನ ಅದನ್ನು ಊದಿ ‘ಕ್ಲೀನ್ ಆಯ್ತು’ ಅಂತ ಮುಚ್ಚಿಬಿಡುತ್ತಾರೆ. ನಮ್ಮವನೂ ಅಷ್ಟೇ. “ಮೂರು ಸಲ ಕ್ಲೀನ್ ಮಾಡ್ದೆ ಕಣಿ ಭಾವ” ಅಂದ. ಸ್ಲೋ ಜೆಟ್ ಎಲ್ಲಿದೆ ಎಂದು ಕೇಳಿದರೆ “ಇನ್ನೊಂದು ಐತಾ?” ಅಂತ ನನ್ನ ಮುಖ ನೋಡಿದ! ಹಲವು ಮೋಟರ್‌ಗಳಲ್ಲಿ ಅದು ಒಂದು ರಬ್ಬರ್ ಬಿರಡೆಯ ಕೆಳಗೆ ಅಡಗಿರುತ್ತದೆ. ಬಿರಡೆ ತೆಗೆದು, ಸರಿಯಾದ ಅಗಲದ ಸ್ಕ್ರೂಡ್ರೈವರ್‌ನಿಂದಲೇ ಬಿಚ್ಚಿ. ಹಿತ್ತಾಳೆಯ ತಲೆ ಬೇಗ ಕಿತ್ತುಹೋಗುತ್ತದೆ.

ಬೆಳಕಿಗೆ ಹಿಡಿಯಿರಿ. ತೂತು ಅರ್ಧ ಮಿಲಿಮೀಟರಿಗಿಂತಲೂ ಸಣ್ಣದು. ದುಂಡಗೆ ಬೆಳಕು ಕಾಣಬೇಕು. ಅರೆಚಂದ್ರ ಕಂಡರೂ ಕಟ್ಟಿದೆ ಎಂದೇ ಅರ್ಥ. ಗುಂಡುಸೂಜಿ ಹಾಕಬೇಡಿ, ತೂತು ದೊಡ್ಡದಾಗುತ್ತದೆ. ಪೊರಕೆ ಕಡ್ಡಿಯಂತೂ ಬೇಡವೇ ಬೇಡ. ಒಳಗೆ ಮುರಿದುಕೊಂಡ ಕಡ್ಡಿಯನ್ನು ತೆಗೆಯಲು ನಾನು ಒಂದು ಇಡೀ ಭಾನುವಾರ ಕಳೆದಿದ್ದೇನೆ. ರಾತ್ರಿಯಿಡೀ ಕಾರ್ಬ್ ಕ್ಲೀನರ್‌ನಲ್ಲಿ ನೆನೆಹಾಕಿ. ಆಮೇಲೆ ಕರೆಂಟ್ ವೈರಿನ ಒಂದು ಎಳೆ ತಾಮ್ರ ಸಾಕು.

ಜೆಟ್ ಕ್ಲೀನ್ ಆದರೆ ಮುಗಿಯಲಿಲ್ಲ. ಅಲ್ಲಿಂದ ಹೊರಡುವ ದಾರಿ ಕಾರ್ಬೊರೇಟರ್ ಒಳಗೋಡೆಯಲ್ಲಿ, ರೇಸ್ ಕೊಟ್ಟಾಗ ತೆರೆಯುವ ಥ್ರಾಟಲ್ ತಟ್ಟೆಯ ಪಕ್ಕ ಎರಡು ಮೂರು ಪುಟ್ಟ ತೂತುಗಳಾಗಿ ತೆರೆಯುತ್ತದೆ. ಮಿಕ್ಸ್ಚರ್ ಸ್ಕ್ರೂ ಪೂರ್ತಿ ತೆಗೆದು, ಆ ತೂತಿಗೆ ಕಾರ್ಬ್ ಕ್ಲೀನರ್ ಸ್ಪ್ರೇಯ ನಳಿಗೆ ಇಟ್ಟು ಒತ್ತಿ. ಪುಟ್ಟ ತೂತುಗಳಲ್ಲಿ ಒಂದೊಂದರಿಂದಲೂ ಎಳೆಎಳೆಯಾಗಿ ಚಿಮ್ಮಬೇಕು. ಒಂದು ಚಿಮ್ಮದಿದ್ದರೂ ಮೋಟರ್ ಸ್ಲೋದಲ್ಲಿ ಓಡುವುದಿಲ್ಲ. ಕನ್ನಡಕ ಹಾಕಿಕೊಳ್ಳಿ, ಸ್ಪ್ರೇ ತಿರುಗಿ ಕಣ್ಣಿಗೇ ಹಾರುತ್ತದೆ. ಕೊನೆಗೆ ಪಂಕ್ಚರ್ ಅಂಗಡಿಗೆ ಹೋಗಿ ಗಾಳಿ ಹೊಡೆಸಿ. ಹತ್ತು ರೂಪಾಯಿ ಅಂದೆನಲ್ಲ, ಅದು ಇದೇ.

ಜೋಡಿಸುವಾಗ ಹೊಸ ಪ್ಯಾಕಿಂಗ್ ಹಾಕಿ. ಬಾಂಡ್ ಅಂಟು ಸವರಬೇಡಿ, ಅದರ ಚೂರು ಹೋಗಿ ಮತ್ತೆ ಜೆಟ್‌ನಲ್ಲೇ ಕೂರುತ್ತದೆ.

ಟ್ಯೂನಿಂಗ್ ನೀರಿನಲ್ಲೇ

ಮಿಕ್ಸ್ಚರ್ ಸ್ಕ್ರೂ ಪೂರ್ತಿ ಕೂರಿಸಿ ಒಂದೂವರೆ ಸುತ್ತು ಹೊರಗೆ ಬನ್ನಿ. ದೋಣಿಯನ್ನು ದಡಕ್ಕೆ ಗಟ್ಟಿಯಾಗಿ ಕಟ್ಟಿ, ಫ್ಯಾನ್ ಹತ್ತಿರ ಯಾರೂ ಇಳಿಯದಂತೆ ನೋಡಿಕೊಳ್ಳಿ. ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ, ಗೇರ್ ಹಾಕಿ ಸ್ಲೋ ಮಾಡಿ. ಡ್ರಮ್‌ನಲ್ಲಿ, ನ್ಯೂಟ್ರಲ್‌ನಲ್ಲಿ ಮಾಡಿದ ಟ್ಯೂನಿಂಗ್ ಕೆರೆಯಲ್ಲಿ ನಿಲ್ಲುವುದಿಲ್ಲ.

ಎಂಟನೇ ಒಂದು ಸುತ್ತು ಒಳಗೆ. ಹದಿನೈದು ಸೆಕೆಂಡ್ ಕಾಯಿರಿ. ಈ ಕಾಯುವುದೇ ಯಾರಿಗೂ ಆಗದ ಕೆಲಸ. ಇನ್ನೊಂದಿಷ್ಟು ಒಳಗೆ. ಒಂದು ಹಂತದಲ್ಲಿ ಮೋಟರ್ ಸೀನಿದ ಹಾಗೆ ಕಾರ್ಬೊರೇಟರ್‌ನಿಂದ ಫಟ್ ಅನ್ನುತ್ತದೆ. ಅದನ್ನು ನೆನಪಿಡಿ. ಈಗ ಹೊರಗೆ ಬನ್ನಿ. ಹೊಗೆ ಜಾಸ್ತಿಯಾಗಿ, ಕುಂಟುತ್ತಾ ಓಡುವ ಜಾಗ ಸಿಗುತ್ತದೆ. ಇವೆರಡರ ನಡುವೆ, ಹೊಗೆಯ ಕಡೆಗೆ ಒಂದು ಕೂದಲು ಜಾಸ್ತಿ ಇಡಿ. ಈಗ ಬೇಕಿದ್ದರೆ ಸ್ಲೋ ಸ್ಪೀಡ್ ಸ್ಕ್ರೂ ಮುಟ್ಟಿ. ಗೇರ್ ಧಡ್ ಅನ್ನದೆ ಬೀಳುವಷ್ಟು ಇದ್ದರೆ ಸಾಕು.

ಇಷ್ಟಾದರೂ ಸ್ಲೋದಲ್ಲಿ ಆಫ್ ಆಗುತ್ತಿದ್ದರೆ ಕಾರ್ಬೊರೇಟರ್ ಬುಡದ ಸುತ್ತ ಸೋಪಿನ ನೀರು ಸಿಂಪಡಿಸಿ. ಸದ್ದು ಬದಲಾದರೆ ಅಲ್ಲಿ ಗಾಳಿ ಎಳೆಯುತ್ತಿದೆ. ಅದೂ ಇಲ್ಲ ಅಂದರೆ ಇಂಜಿನ್ನಿನ ರೀಡ್ ವಾಲ್ವ್ ಇಲ್ಲವೇ ಕ್ರ್ಯಾಂಕ್ ಸೀಲ್ ಹೋಗಿದೆ. ಆಗ ಮೈಸೂರಿನ ಹಳೇ ಟೂ ಸ್ಟ್ರೋಕ್ ಮೆಕ್ಯಾನಿಕ್ ಹುಡುಕಿ. ಯಾದವಗಿರಿಯಲ್ಲಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ತಯಾರಾದ ಊರು ಅದು, ಕೈ ಪಳಗಿದವರು ಈಗಲೂ ಸಿಗುತ್ತಾರೆ. ಒಂದೇ ಎಚ್ಚರ. ಆ ಬೈಕುಗಳ ಮಿಕ್ಸ್ಚರ್ ಸ್ಕ್ರೂ ಗಾಳಿಯದು, ಒಳಗೆ ತಿರುಗಿಸಿದರೆ ಪೆಟ್ರೋಲ್ ಅಂಶ ಜಾಸ್ತಿಯಾಗುತ್ತದೆ. ಬೋಟ್ ಮೋಟರ್‌ಗಳಲ್ಲಿ ಹೆಚ್ಚಿನವು ಅದರ ಉಲ್ಟಾ. ಸ್ಕ್ರೂ ಥ್ರಾಟಲ್ ತಟ್ಟೆಗಿಂತ ಇಂಜಿನ್ ಕಡೆಗಿದ್ದರೆ ಪೆಟ್ರೋಲಿನದು, ಗಾಳಿ ಬರುವ ಬಾಯಿಯ ಕಡೆಗಿದ್ದರೆ ಗಾಳಿಯದು. ಮೋಟರ್ ಕೊಡುವಾಗ ಇದನ್ನು ಹೇಳಿ, ಸುತ್ತು ಎಣಿಸಿ ಬರೆದಿಟ್ಟ ಆ ಚೀಟಿಯನ್ನೂ ಅವರ ಕೈಗೆ ಕೊಡಿ.