ಕೌಲರ್ಪಿನ್ ತೆಗೆಯಲು ಉದ್ದ ಕಾಲಂ ಬೇಡ: ನನ್ನ ಅನುಭವ

ಕೌಲರ್ಪಿನ್ ಅಂದರೆ ಕೌಲರ್ಪ ಎಂಬ ಹಸಿರು ಸಮುದ್ರಪಾಚಿಯಲ್ಲಿರುವ ಕೆಂಪು ವರ್ಣಕ. ಹಸಿರು ಪಾಚಿಯ ಎಕ್ಸ್‌ಟ್ರಾಕ್ಟ್ (ದ್ರಾವಕದಲ್ಲಿ ಇಳಿಸಿದ ಸಾರ) ಅಂದಮೇಲೆ ಕ್ಲೋರೊಫಿಲ್ ಕಾಟ ತಪ್ಪಿದ್ದಲ್ಲ, ಕನಿಷ್ಠ ಮೂರು ಕಾಲಂ (ಮಿಶ್ರಣ ಬೇರ್ಪಡಿಸಲು ಸಿಲಿಕಾ ತುಂಬಿದ ಗಾಜಿನ ಕೊಳವೆ) ಹಾಕಬೇಕು, ಕೊನೆಗೆ ಹೆಚ್ಚಿನ ಒತ್ತಡದಲ್ಲಿ ಬೇರ್ಪಡಿಸುವ ಯಂತ್ರ, ಅಂದರೆ ಪ್ರೆಪ್ ಎಚ್‌ಪಿಎಲ್‌ಸಿಯೇ ಗತಿ ಎಂದು ಲ್ಯಾಬಿನಲ್ಲಿ ಎಲ್ಲರೂ ಹೇಳಿದ್ದರು. ಈಗ ನನ್ನ ವಯಲ್‌ನಲ್ಲಿ ಸುಮಾರು 240 ಮಿಲಿಗ್ರಾಂ ಕೌಲರ್ಪಿನ್ ಇದೆ. ಕಿತ್ತಳೆಗೆಂಪು ಸೂಜಿ ಹರಳು, ಟಿಎಲ್‌ಸಿಯಲ್ಲಿ (ಶುದ್ಧತೆ ನೋಡುವ ತೆಳುಪದರದ ಪ್ಲೇಟಿನಲ್ಲಿ) ಒಂದೇ ಚುಕ್ಕೆ. ಉದ್ದ ಕಾಲಂ ಒಂದೂ ಹಾಕಿಲ್ಲ. ಈ ಅಣು ಬೇಗ ಕರಗುವುದಿಲ್ಲ ಎಂದು ಎಲ್ಲರೂ ಬೈಯುತ್ತಾರೆ. ಇಡೀ ವಿಧಾನ ನಿಂತಿರುವುದೇ ಆ ಗುಣದ ಮೇಲೆ.

ಪಾಚಿ ತಂದದ್ದು ಗೋವಾದ ಅಂಜುನಾ ಬಂಡೆಗಳಿಂದ, ಮಳೆಗಾಲ ಮುಗಿದ ಮೇಲೆ, ಇಳಿತದ ಹೊತ್ತಿನಲ್ಲಿ. ಬಂಡೆಗೆ ಹಬ್ಬಿದ ಬಳ್ಳಿಯನ್ನು ಕೀಳದೆ ಮೇಲಿನ ಎಲೆಭಾಗವನ್ನಷ್ಟೇ ಕತ್ತರಿಸಬೇಕು. ಮರಳು ಸಿಕ್ಕಿಕೊಂಡಿರುವುದೂ ಆ ಬಳ್ಳಿಯಲ್ಲೇ, ಮುಂದಿನ ವರ್ಷಕ್ಕೆ ಪಾಚಿ ಉಳಿಯುವುದೂ ಅದರಿಂದಲೇ. ದಡಕ್ಕೆ ಬಂದು ಬಿದ್ದ ಪಾಚಿಯನ್ನು ಮುಟ್ಟಬೇಡಿ. ಒಮ್ಮೆ ಎರಡು ಕಿಲೋ ಆರಿಸಿ ತಂದೆ, ಕೆಂಪು ಬಣ್ಣದ ಸುಳಿವೂ ಇರಲಿಲ್ಲ.

ತೊಳೆಯುವುದರಲ್ಲೇ ಮೊದಲ ತಪ್ಪು ಆದದ್ದು. ಕೌಲರ್ಪದ ಇಡೀ ದೇಹ ಒಂದೇ ಜೀವಕೋಶ, ಒಳಗೆ ಅಡ್ಡಗೋಡೆಗಳಿಲ್ಲ. ಸಿಹಿನೀರಿನಲ್ಲಿ ನೆನೆಹಾಕಿದರೆ ಒಡೆದು ಒಳಗಿನದೆಲ್ಲ ಬಕೆಟ್‌ಗೆ ಇಳಿಯುತ್ತದೆ. ಸಮುದ್ರದ ನೀರಿನಲ್ಲೇ ನಾಲ್ಕೈದು ಸಲ ಜಾಲಿಸಿ, ಕೊನೆಗೆ ಸಿಹಿನೀರಿನಲ್ಲಿ ಒಂದೇ ಒಂದು ಸಲ ಅದ್ದಿ ತೆಗೆಯಿರಿ. ಒಣಗಿಸುವುದು ನೆರಳಲ್ಲಿ, ಫ್ಯಾನಿನ ಕೆಳಗೆ, ಹತ್ತಿ ಬಟ್ಟೆಯ ಮೇಲೆ ತೆಳ್ಳಗೆ ಹರಡಿ. ದಪ್ಪಗೆ ಹರಡಿದ ಒಂದು ಕಂತು ಎರಡನೇ ದಿನಕ್ಕೆ ಬೂಷ್ಟು ಹಿಡಿಯಿತು. 12 ಕಿಲೋ ಹಸಿ ಪಾಚಿಗೆ 800 ಗ್ರಾಂ ಪುಡಿ ಸಿಕ್ಕಿತು, ಅದರಲ್ಲೂ ಒಂದಿಷ್ಟು ಉಪ್ಪು.

ಮೊದಲ ಎರಡು ಪ್ರಯತ್ನದಲ್ಲಿ ಎಲ್ಲರಂತೆ ಮೆಥನಾಲ್ ಹಾಕಿದೆ. ಎಕ್ಸ್‌ಟ್ರಾಕ್ಟ್ ತೂಕ ನೋಡಿ ಖುಷಿಯಾಯಿತು, ಆದರೆ ಅದರಲ್ಲಿ ಬಹುಪಾಲು ಉಪ್ಪು. 100 ಮಿಲಿ ಮೆಥನಾಲ್ ಒಂದು ಗ್ರಾಂಗೂ ಹೆಚ್ಚು ಅಡುಗೆ ಉಪ್ಪು ಕರಗಿಸುತ್ತದೆ. ಪಾಚಿಯಲ್ಲಿ ಉಳಿದ ತೇವವೂ ಸೇರಿದರೆ ಇನ್ನೂ ಹೆಚ್ಚು. ನೀರು ಮತ್ತು ಈಥೈಲ್ ಅಸಿಟೇಟ್ ನಡುವೆ ಪಾರ್ಟಿಷನ್ ಮಾಡಲು, ಅಂದರೆ ಎರಡು ಪದರವಾಗಿ ಹಂಚಲು, ಹೋದರೆ ಮಜ್ಜಿಗೆಯಂಥ ಎಮಲ್ಷನ್, ರಾತ್ರಿಯಿಡೀ ಬಿಟ್ಟರೂ ಒಡೆಯಲಿಲ್ಲ. ಹೇಗೋ ಉಳಿಸಿಕೊಂಡದ್ದನ್ನು 60 ಸೆಂಟಿಮೀಟರ್ ಸಿಲಿಕಾ ಕಾಲಂಗೆ ಹಾಕಿದರೆ ಕೌಲರ್ಪಿನ್ ಕಾಲಂನ ತಲೆಯಲ್ಲೇ ಹರಳುಗಟ್ಟಿ ಕೂತಿತು. ಆಮೇಲೆ ಸ್ವಲ್ಪ ಸ್ವಲ್ಪವೇ ಕರಗಿ ನಲವತ್ತು ಫ್ರ್ಯಾಕ್ಷನ್ (ಕಾಲಂನಿಂದ ಇಳಿದದ್ದನ್ನು ಹಿಡಿದ ಪಾಲು) ಉದ್ದಕ್ಕೂ ಸವರಿಕೊಂಡು ಬಂತು, ಎಲ್ಲದರಲ್ಲೂ ಹಸಿರು. ಸಿಲಿಕಾ, ದ್ರಾವಕ, ಹೊರಗೆ ಮಾಡಿಸಿದ ಎನ್‌ಎಂಆರ್ (ಅಣುವಿನ ರಚನೆ ತಿಳಿಯುವ ಪರೀಕ್ಷೆ) ಸೇರಿ ಇಪ್ಪತ್ತು ಸಾವಿರದ ಮೇಲೆ ಹೋಯಿತು, ಕೈಗೆ ಬಂದದ್ದು 9 ಮಿಲಿಗ್ರಾಂ ಕೊಳಕು ಪುಡಿ.

ಆ ಎನ್‌ಎಂಆರ್‌ನಲ್ಲಿ 7.7, 7.5 ಮತ್ತು 4.2 ಪಿಪಿಎಂನಲ್ಲಿ ಚೆಂದದ ಸಿಗ್ನಲ್‌ಗಳು, ಅಣುವಿನ ತೂಕ ಅಳೆಯುವ ಮಾಸ್ ಪರೀಕ್ಷೆಯಲ್ಲಿ 391. ಹೊಸ ಅಣು ಅಲ್ಲ, ಪ್ಲಾಸ್ಟಿಕ್ ಮೆದುವಾಗಿಸಲು ಹಾಕುವ ಥ್ಯಾಲೇಟ್. ಪಾಚಿಪುಡಿ ಪ್ಲಾಸ್ಟಿಕ್ ಚೀಲದಲ್ಲಿತ್ತು, ಡೈಕ್ಲೋರೋಮೀಥೇನ್ ದ್ರಾವಕ ಪ್ಲಾಸ್ಟಿಕ್ ಫನಲ್‌ನಿಂದ ಇಳಿದಿತ್ತು. ಅಂದಿನಿಂದ ಗಾಜು ಬಿಟ್ಟರೆ ಬೇರೇನೂ ಇಲ್ಲ.

ಫಲ ಕೊಟ್ಟ ದಾರಿ ಇದು. ಪುಡಿಯನ್ನು ಮೊದಲು ಹೆಕ್ಸೇನ್‌ನಲ್ಲಿ ಎರಡು ಸಲ, ಒಂದೊಂದು ಸಲಕ್ಕೆ 3 ಲೀಟರ್‌ನಂತೆ, ರಾತ್ರಿಯಿಡೀ ನೆನೆಸಿಡಿ. ಕೊಬ್ಬು, ಸ್ಟೆರಾಲ್, ಕ್ಯಾರೊಟೀನ್ ಇದರಲ್ಲೇ ಹೋಗುತ್ತವೆ. ಕೌಲರ್ಪಿನ್ ಹೆಕ್ಸೇನ್‌ಗೆ ಸೊಪ್ಪು ಹಾಕುವುದಿಲ್ಲ. ಎಲ್‌ಆರ್ ಗ್ರೇಡ್ (ಸಾಮಾನ್ಯ ಲ್ಯಾಬ್ ದರ್ಜೆಯ) ಹೆಕ್ಸೇನ್ ಬಟ್ಟಿ ಇಳಿಸಿಕೊಂಡರೆ ಸಾಕು, ಮತ್ತೆ ಇಳಿಸಿ ಮುಂದಿನ ಕಂತಿಗೂ ಬಳಸಿದೆ. ಪುಡಿಯಲ್ಲಿ ವಾಸನೆ ಹೋಗುವವರೆಗೆ ಫ್ಯೂಮ್ ಹುಡ್‌ನಲ್ಲಿ ಹರಡಿ, 200 ಗ್ರಾಂನಂತೆ ನಾಲ್ಕು ಕಂತು ಮಾಡಿ ಡೈಕ್ಲೋರೋಮೀಥೇನ್‌ನಲ್ಲಿ ಸಾಕ್ಸ್‌ಲೆಟ್‌ಗೆ (ದ್ರಾವಕ ಕುದಿದು ಸುತ್ತುತ್ತ ಸಾರ ತೆಗೆಯುವ ಗಾಜಿನ ಉಪಕರಣ) ಹಾಕಿ, ತಲಾ ಎಂಟು ಗಂಟೆ. ಕರಾವಳಿಯ ನಲ್ಲಿನೀರು 30 ಡಿಗ್ರಿ, ಡೈಕ್ಲೋರೋಮೀಥೇನ್ ಕುದಿಯುವುದೇ 40ಕ್ಕೆ. ಆವಿ ತಣಿಸುವ ಕಂಡೆನ್ಸರ್‌ಗೆ ಐಸ್ ನೀರು ಸುತ್ತಿಸದಿದ್ದರೆ ಅರ್ಧ ದ್ರಾವಕ ಗಾಳಿಗೆ. ಇದಕ್ಕೆ ಕೂಲರ್‌ನ ಸಣ್ಣ ಪಂಪು ಸಾಕು, ಚಿಲ್ಲರ್ ಬೇಡ.

ರೋಟಾವೇಪರ್ (ದ್ರಾವಕ ಆವಿ ಮಾಡಿ ತೆಗೆಯುವ ಯಂತ್ರ) ಬಾತ್ 35 ಡಿಗ್ರಿ ದಾಟಿಸದೆ ಇಳಿಸಿದರೆ ಹತ್ತು ಹನ್ನೆರಡು ಗ್ರಾಂ ಕಡುಹಸಿರು ಟಾರು. ಅದಕ್ಕೆ ಐಸ್‌ನಲ್ಲಿಟ್ಟ ಮೆಥನಾಲ್ 60 ಮಿಲಿ ಹಾಕಿ ಗಾಜಿನ ಕಡ್ಡಿಯಿಂದ ಚೆನ್ನಾಗಿ ತಿಕ್ಕಿ, ಫ್ರಿಜ್‌ನಲ್ಲಿ ಎರಡು ರಾತ್ರಿ ಇಡಿ. ಹಸಿರೆಲ್ಲ ಮೇಲಿನ ಮೆಥನಾಲ್‌ನಲ್ಲಿ, ತಳದಲ್ಲಿ ಕುಂಕುಮದಂಥ ಗಸಿ. ಗಾಜಿನ ಟ್ಯೂಬಿನಲ್ಲಿ ಸೆಂಟ್ರಿಫ್ಯೂಜ್ ಮಾಡಿ, ತೊಳೆದ ಮೆಥನಾಲ್ ತಿಳಿಹಳದಿ ಆಗುವವರೆಗೆ ಮೂರು ಸಲ ತೊಳೆಯಿರಿ. ಆ ಮೆಥನಾಲ್‌ಗೆ ನಾನು ಸ್ವಲ್ಪ ನೀರು ಸೇರಿಸುತ್ತೇನೆ. ಎಷ್ಟು, ಯಾವ ತೊಳೆತಕ್ಕೆ ಎಂಬುದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅದಿಲ್ಲದೆಯೂ ಮುಕ್ಕಾಲು ಭಾಗ ಸಿಗುತ್ತದೆ.

ಸುಮಾರು 400 ಮಿಲಿಗ್ರಾಂ ಕಚ್ಚಾ ಪುಡಿ ಬರುತ್ತದೆ. ಅದನ್ನು ಒಂದೂವರೆ ಗ್ರಾಂ ಸಿಲಿಕಾದ ಮೇಲೆ ಒಣಗಿಸಿ, 15 ಗ್ರಾಂ ಸಿಲಿಕಾದ ಗಿಡ್ಡ ಪ್ಲಗ್ ಮೇಲೆ ಹಾಕಿ. ಮೇಲಿನಿಂದ ಮೊದಲು ಹೆಕ್ಸೇನ್, ಆಮೇಲೆ ಹೆಕ್ಸೇನ್–ಈಥೈಲ್ ಅಸಿಟೇಟ್ 9:1, ಆಮೇಲೆ 7:3. ಕಿತ್ತಳೆ ಪಟ್ಟಿ 7:3ರಲ್ಲಿ ಒಟ್ಟಾಗಿ ಇಳಿಯುತ್ತದೆ, ಮುಕ್ಕಾಲು ಗಂಟೆಯ ಕೆಲಸ. ಆ ಪಟ್ಟಿಯ ಕೌಲರ್ಪಿನ್ ಅನ್ನು ಉಗುರುಬೆಚ್ಚಗಿನ ಕ್ಲೋರೋಫಾರ್ಮ್‌ನಲ್ಲಿ ಕರಗಿಸಿ, ಮೇಲೆ ಮೆಥನಾಲ್ ಪದರ ಹಾಕಿ ಅಲುಗಾಡಿಸದೆ ಬಿಟ್ಟರೆ ಎರಡು ಪದರ ಸೇರುವ ಗೆರೆಯಲ್ಲಿ ಮೊದಲು ಸೂಜಿಗಳು ಕಾಣುತ್ತವೆ, ಮರುದಿನ ತಳದ ತುಂಬ. ಕ್ಲೋರೋಫಾರ್ಮ್ ಅನ್ನು ಬೇಸಿಕ್ ಅಲ್ಯುಮಿನಾ ಮೂಲಕ ಹಾಯಿಸಿಕೊಳ್ಳಿ. ಅದರಲ್ಲಿರುವ ಚೂರು ಆಮ್ಲ ಉಳಿದ ಕ್ಲೋರೊಫಿಲ್‌ನಿಂದ ಮೆಗ್ನೀಸಿಯಂ ಕಿತ್ತು ಕಂದು ಫಿಯೊಫೈಟಿನ್ ಮಾಡುತ್ತದೆ, ಅದು ಹರಳಿಗೆ ಅಂಟುತ್ತದೆ. ಈ ಕಂತಿನ ಖರ್ಚು ಆರೇಳು ಸಾವಿರ.

ಟಿಎಲ್‌ಸಿಯಲ್ಲಿ ಒಂದು ಎಚ್ಚರ. ದ್ರಾವಕದ ಮುಂಚೂಣಿಯಲ್ಲಿ ಓಡುವ ಕಿತ್ತಳೆ ಚುಕ್ಕೆ ಕ್ಯಾರೊಟೀನ್. ಅದನ್ನೇ ಕೌಲರ್ಪಿನ್ ಎಂದುಕೊಂಡು ಒಂದು ವಾರ ಕಳೆದೆ. ಪ್ಲೇಟನ್ನು ಕಿಟಕಿಯ ಬಳಿ ಸಂಜೆಯವರೆಗೆ ಇಡಿ: ಕ್ಯಾರೊಟೀನ್ ಮಾಸಿಹೋಗುತ್ತದೆ, ಕೌಲರ್ಪಿನ್ ಹಾಗೇ ಇರುತ್ತದೆ.

ಸಿಕ್ಕಿದ್ದು ಕೌಲರ್ಪಿನ್ ಹೌದೋ ಅಲ್ಲವೋ ಎಂದು ನೋಡಲು: ಪ್ರೋಟಾನ್ ಎನ್‌ಎಂಆರ್‌ನಲ್ಲಿ ಎನ್‌ಎಚ್ ಸುಮಾರು 9.2, ಒಲೆಫಿನ್ ಪ್ರೋಟಾನ್ 8.2ರ ಹತ್ತಿರ, ಮಿಥೈಲ್ ಎಸ್ಟರ್ 3.9ರ ಹತ್ತಿರ. ಕಾರ್ಬನ್ 24 ಇದ್ದರೂ 12 ಸಿಗ್ನಲ್ ಮಾತ್ರ, ಎರಡು ಇಂಡೋಲ್ ಅರ್ಧಗಳು ಎಂಟು ಕಾರ್ಬನ್ ಉಂಗುರದ ಸುತ್ತ ಸಮ್ಮಿತಿಯಲ್ಲಿ ಕೂತಿವೆ. 1970ರಲ್ಲಿ ಆಗಿಲಾರ್-ಸಾಂಟೋಸ್ ಈ ಕೆಂಪು ವರ್ಣಕದ ಬಗ್ಗೆ ಬರೆದಾಗ ಕೊಟ್ಟ ರಚನೆ ಬೇರೆಯೇ. ಅದನ್ನು 1978ರಲ್ಲಿ ಮೈತಿ, ಥಾಮ್ಸನ್, ಮಹೇಂದ್ರನ್ ತಿದ್ದಿದರು. ಅಣುಭಾರ 398, ಮಾಸ್ ಪರೀಕ್ಷೆಯ ಇಎಸ್‌ಐ ವಿಧಾನದಲ್ಲಿ 399 ಮತ್ತು ಸೋಡಿಯಂ ಜತೆ 421 ನೋಡಿ.

ಪಕ್ಕದಲ್ಲಿ ಮಾಡಿದ ಒಂದೆರಡು ಪ್ರಯೋಗ. ಹಸಿರು ತೆಗೆಯಲು ಇದ್ದಿಲು ಹಾಕಿ ನೋಡಿದೆ. ಅರ್ಧಕ್ಕರ್ಧ ಕೌಲರ್ಪಿನ್ ಅದಕ್ಕೇ ಅಂಟಿ ಹೋಯಿತು, ಇಂಡೋಲ್ ಉಂಗುರಗಳಿರುವ ಅಣುವಿಗೆ ಇದ್ದಿಲು ಸಲ್ಲ. ಹಸಿ ಪಾಚಿಯನ್ನು ನೀರಿನಲ್ಲಿ ಅರೆದರೆ ಇದೇ ಪಾಚಿಯ ಇನ್ನೊಂದು ಅಣು ಕೌಲರ್ಪೆನೈನ್‌ನ ಚುಕ್ಕೆಯೇ ಕಾಣಲಿಲ್ಲ: ಗಾಯವಾದ ಕೂಡಲೇ ಪಾಚಿಯ ಎಸ್ಟರೇಸ್ ಕಿಣ್ವ ಅದರ ಅಸಿಟೇಟ್‌ಗಳನ್ನು ಕತ್ತರಿಸುತ್ತದೆ. ಅದು ಬೇಕಾದವರು ಪಾಚಿಯನ್ನು ಇಡಿಯಾಗಿ ತಣ್ಣನೆ ಅಸಿಟೋನ್‌ಗೆ ಹಾಕಿ ಆಮೇಲೆ ಅರೆಯಬೇಕು. ಇದೇ ದಾರಿಯಲ್ಲಿ ಉಲ್ವಾ ಎಂಬ ಬೇರೆ ಹಸಿರು ಪಾಚಿಯ ಪುಡಿಯನ್ನೂ ಹಾಯಿಸಿದೆ, ತಳದಲ್ಲಿ ಕೆಂಪು ಕೂರಲಿಲ್ಲ.

ಹರಳು ಸೋಸಿದ ಮೇಲೆ ಉಳಿದ ಮದರ್ ಲಿಕರ್ ಎಸೆಯಬೇಡಿ. ಕಾಲುಭಾಗಕ್ಕೆ ಇಳಿಸಿ, ಹಳೆಯ ಹರಳೊಂದರ ಚೂರು ಹಾಕಿ ವಾರ ಬಿಟ್ಟೆ. ಇನ್ನೂ 30 ಮಿಲಿಗ್ರಾಂ ಬಂತು, ಬಣ್ಣ ಸ್ವಲ್ಪ ಮಂಕು, ಆದರೆ ಟಿಎಲ್‌ಸಿ ಚೊಕ್ಕ.