ಶಿರಸಿಯ ಮಳೆಗಾಲದಲ್ಲಿ ಸಿನಿಮಾ ತೋರಿಸಿ ಚರ್ಚೆ ನಡೆಸುವುದು

ಹದಿನೈದು ಜನ ಸಾಕು. ಹೆಚ್ಚಾದರೆ ನಾಲ್ವರು ಮಾತಾಡುತ್ತಾರೆ, ಉಳಿದವರು ಕೇಳುತ್ತಾರೆ.

ಜುಲೈನಲ್ಲಿ ತಗಡಿನ ಮಾಡಿನ ಸಭಾಂಗಣ ಬೇಡವೇ ಬೇಡ, ಮಳೆ ಸದ್ದಿಗೆ ಸಂಭಾಷಣೆ ಕೇಳುವುದಿಲ್ಲ. ಥ್ರೋ ರೇಶಿಯೋ (ಪರದೆಯ ಅಗಲದ ಎಷ್ಟು ಪಟ್ಟು ದೂರ ಬೇಕೆಂಬ ಲೆಕ್ಕ) 1.5 ಇರುವ ಪ್ರೊಜೆಕ್ಟರ್ ಆದರೆ 8 ಅಡಿ ಅಗಲದ ಪರದೆಗೆ 12 ಅಡಿ ದೂರ ಇಡಿ. ಕರೆಂಟು ಹೋಗುವುದು ಖಾತ್ರಿ, ಯುಪಿಎಸ್ ಇರಲಿ. ಪ್ರೊಜೆಕ್ಟರಿನ ಬಿಸಿ ಲ್ಯಾಂಪ್ ಫ್ಯಾನ್ ಇಲ್ಲದೆ ಆರಿದರೆ ಅದರ ಆಯುಷ್ಯ ಕಡಿಮೆ. ಹಳೆಯ ಚಿತ್ರದಲ್ಲಿ ಮುಖಗಳು ಅಗಲವಾಗಿ ಕಂಡರೆ 4:3 ಚೌಕಟ್ಟನ್ನು 16:9ಕ್ಕೆ ಹಿಗ್ಗಿಸಲಾಗಿದೆ, ಸೆಟ್ಟಿಂಗ್ ಬದಲಿಸಿ. ಹಕ್ಕುದಾರರ ಅನುಮತಿ ಮೊದಲೇ ಪಡೆಯಿರಿ.

ಚಿತ್ರ ಮುಗಿದ ತಕ್ಷಣ ‘ಹೇಗಿತ್ತು?’ ಎಂದು ಕೇಳಬೇಡಿ. ‘ಚೆನ್ನಾಗಿತ್ತು’ ಎಂಬಲ್ಲಿಗೇ ಮಾತು ನಿಲ್ಲುತ್ತದೆ. ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬರೂ ನೆನಪಿನಲ್ಲಿ ಉಳಿದ ಒಂದು ದೃಶ್ಯ ಅಥವಾ ಒಂದು ಸದ್ದು ಮಾತ್ರ ಹೇಳಲಿ. ಹೆಚ್ಚು ಜನ ಹೇಳಿದ ದೃಶ್ಯವನ್ನು ಮತ್ತೆ ಮೂರು ನಿಮಿಷ ಹಾಕಿ: ಕ್ಯಾಮೆರಾ ಎಲ್ಲಿದೆ, ಎಲ್ಲಿ ಕತ್ತರಿಸಿದರು, ಯಾವಾಗ ಮೌನ?

ಎಲ್ಲವನ್ನೂ ನಿರ್ದೇಶಕರ ಲೆಕ್ಕಕ್ಕೆ ಬರೆಯುವ ಚಟ ಬಿಡಿಸಬೇಕು. 1977ರ ‘ಘಟಶ್ರಾದ್ಧ’ದ ನಿರ್ದೇಶನ ಗಿರೀಶ್ ಕಾಸರವಳ್ಳಿಯವರದು, ಮೂಲ ಕಥೆ ಯು.ಆರ್. ಅನಂತಮೂರ್ತಿಯವರದು, ಛಾಯಾಗ್ರಹಣ ಎಸ್. ರಾಮಚಂದ್ರ ಅವರದು. ವಿಧವೆಯ ಬಹಿಷ್ಕಾರದ ಕಥೆ ಹೇಳುವ ಇಂಥ ಚಿತ್ರ ಹಾಕಿದರೆ ನಮ್ಮ ಕಡೆ ಚರ್ಚೆ ‘ಸಂಪ್ರದಾಯ ಹಾಗಿತ್ತೋ ಇಲ್ಲವೋ’ ಎಂಬತ್ತ ಜಾರುವುದು ಸಹಜ. ಹತ್ತು ನಿಮಿಷ ಬಿಡಿ, ತಡೆದರೆ ಮುನಿಸು. ಆಮೇಲೆ ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಕುಳಿತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ) ನೆನಪಿಸಿ: ಪ್ರಸಂಗ ಎಲ್ಲರಿಗೂ ಗೊತ್ತು, ಆದರೂ ಪಾತ್ರದ ಮಾತಾಡುವ ಅರ್ಥಧಾರಿ ಅದನ್ನು ಹೇಗೆ ನಿಲ್ಲಿಸಿದರು ಎಂದೇ ಕೇಳುಗರು ತೂಗುತ್ತಾರಲ್ಲ!

ಕಷಾಯ ಚರ್ಚೆಯ ನಡುವೆ ಕೊಡಿ. ಮೊದಲೇ ಕೊಟ್ಟರೆ ಅರ್ಧ ಜನ ಕುಡಿದು ಬಸ್ಸು ಹಿಡಿಯುತ್ತಾರೆ.