ಹಳೆಯ ಮೊಬೈಲ್ ಫೋನನ್ನು ಸರಿಯಾದ ಕೈಗೆ ಒಪ್ಪಿಸುವ ಬಗೆ

ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯಕ್ಕೆ 2021ರಲ್ಲಿ ಜರ್ಮನಿಯಿಂದ ಥಾಬೊ ಮತ್ತು ಡೆಂಬಾ ಎಂಬ ಎರಡು ಗಂಡು ಗೊರಿಲ್ಲಾಗಳು ಬಂದವು. ಅವುಗಳ ಚಿತ್ರ ತೆಗೆಯಲು ನಾವು ಎತ್ತಿ ಹಿಡಿಯುವ ಮೊಬೈಲಿಗೂ ಗೊರಿಲ್ಲಾಗಳ ಕಾಡಿಗೂ ನಂಟಿದೆ. ಫೋನಿನೊಳಗೆ ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಡುವ ಪುಟ್ಟ ಕೆಪಾಸಿಟರ್‌ಗಳಿಗೆ ಬೇಕಾದ ಟ್ಯಾಂಟಲಮ್ ಲೋಹ ದೊರೆಯುವುದು ಕೋಲ್ಟಾನ್ ಎಂಬ ಅದಿರಿನಿಂದ. ಈ ಅದಿರನ್ನು ಅಗೆಯುವ ಮುಖ್ಯ ನೆಲೆಗಳಲ್ಲಿ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಪೂರ್ವಭಾಗವೂ ಒಂದು. ಅಲ್ಲಿನ ಕಹುಜಿ-ಬಿಯೇಗಾ ರಾಷ್ಟ್ರೀಯ ಉದ್ಯಾನದೊಳಕ್ಕೂ ಅಕ್ರಮ ಗಣಿಗಾರಿಕೆ ನುಗ್ಗಿದೆ. ಗಣಿಗಾಗಿ ಕಾಡು ಕಡಿಯಲಾಗುತ್ತದೆ, ಗಣಿಯ ಕೂಲಿಗಳ ಊಟಕ್ಕೆ ಕಾಡುಪ್ರಾಣಿಗಳ ಬೇಟೆ ನಡೆಯುತ್ತದೆ. ಇದೇ ಕಾಡುಗಳಲ್ಲಿ ಬದುಕುವ, ಥಾಬೊ, ಡೆಂಬಾಗಳ ಹತ್ತಿರದ ಬಂಧುವಾದ ಗ್ರಾವರ್ ಗೊರಿಲ್ಲಾವನ್ನು 2016ರಲ್ಲಿ ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಲಾಯಿತು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಫೋನುಗಳನ್ನು ಕರಗಿಸುವ ಕುಲುಮೆಗಳಲ್ಲಿ ತಾಮ್ರ, ಬೆಳ್ಳಿ, ಚಿನ್ನ ಚೆನ್ನಾಗಿಯೇ ಮರಳಿ ಸಿಗುತ್ತವೆ. ಹತ್ತು ಲಕ್ಷ ಫೋನುಗಳಿಂದ ಸುಮಾರು 16 ಟನ್ ತಾಮ್ರ, 350 ಕಿಲೋ ಬೆಳ್ಳಿ, 34 ಕಿಲೋ ಚಿನ್ನ ದೊರೆಯುತ್ತವೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಲೆಕ್ಕ ಹಾಕಿದೆ. ಆದರೆ ಟ್ಯಾಂಟಲಮ್ ಬಹುಪಾಲು ಕಿಟ್ಟದ, ಅಂದರೆ ಕರಗಿಸಿದ ಮೇಲೆ ಉಳಿಯುವ ಕಸದ ಜೊತೆ ಸೇರಿ ಕಳೆದುಹೋಗುತ್ತದೆ. ಆದ್ದರಿಂದ ಗೊರಿಲ್ಲಾಗಳ ಕಾಡಿನ ಮಟ್ಟಿಗೆ ಮರುಬಳಕೆಯೇ ಮೊದಲ ಕೆಲಸ, ಕರಗಿಸುವುದು ಕೊನೆಯದು. ಬ್ಯಾಟರಿಯನ್ನೋ ಡಿಸ್‌ಪ್ಲೇಯನ್ನೋ ಬದಲಾಯಿಸಿದರೆ ಇನ್ನೆರಡು ವರ್ಷ ನಡೆಯಬಹುದಾದ ಫೋನನ್ನು ರಿಪೇರಿ ಅಂಗಡಿಗೆ ಒಯ್ಯಿರಿ. ನಿಮಗೆ ಬೇಡವಾದರೆ ಮನೆಯ ಹಿರಿಯರಿಗೋ ಓದುವ ಮಕ್ಕಳಿಗೋ ಕೊಡಿ. ಕೆಲಸ ಮಾಡುವ ಫೋನು ಬೀರುವಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದರೆ ಯಾರಿಗೂ ಪ್ರಯೋಜನವಿಲ್ಲ, ಅಷ್ಟರಲ್ಲಿ ಅದರ ಬ್ಯಾಟರಿಯೂ ಹಾಳಾಗುತ್ತದೆ.

ಯಾರಿಗೇ ಕೊಡುವುದಾದರೂ ಮೊದಲು ಫೋನನ್ನು ಬರಿದು ಮಾಡಬೇಕು. ಫೋಟೋ, ಸಂಪರ್ಕ ಸಂಖ್ಯೆಗಳು ಮತ್ತು ವಾಟ್ಸಾಪ್ ಸಂದೇಶಗಳನ್ನು ಬ್ಯಾಕಪ್ ಮಾಡಿ, ಬ್ಯಾಂಕ್ ಹಾಗೂ ಯುಪಿಐ ಆ್ಯಪ್‌ಗಳಿಂದ ಹೊರಬನ್ನಿ. ಆ್ಯಂಡ್ರಾಯ್ಡ್ ಫೋನಿನಲ್ಲಿ ಮೊದಲು ಗೂಗಲ್ ಖಾತೆಯನ್ನು ತೆಗೆದು, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ಈ ಕ್ರಮ ತಪ್ಪಿದರೆ ಮುಂದೆ ಫೋನನ್ನು ಪಡೆಯುವವರಿಗೆ ಅದು ನಿಮ್ಮ ಪಾಸ್‌ವರ್ಡನ್ನೇ ಕೇಳಬಹುದು. ಐಫೋನ್ ಆದರೆ ‘ಫೈಂಡ್ ಮೈ’ ಸೌಲಭ್ಯವನ್ನು ನಿಲ್ಲಿಸಿ, ಐಕ್ಲೌಡ್‌ನಿಂದ ಹೊರಬಂದು ರೀಸೆಟ್ ಮಾಡಬೇಕು. ಸಿಮ್ ಮತ್ತು ಮೆಮೊರಿ ಕಾರ್ಡುಗಳನ್ನು ತೆಗೆಯುವುದನ್ನು ಮರೆಯಬೇಡಿ. ಹಳೆಯ ನಂಬರನ್ನೂ ಬಿಡುವುದಾದರೆ, ಬ್ಯಾಂಕ್ ಮತ್ತು ಆಧಾರ್‌ನಲ್ಲಿ ಹೊಸ ನಂಬರ್ ನಮೂದಾದ ಮೇಲೆಯೇ ಬಿಡಿ. ಫೋನು ಆನ್ ಆಗುತ್ತಲೇ ಇಲ್ಲವೆಂದರೆ ಬೇರೊಂದು ಸಾಧನದಿಂದ ನಿಮ್ಮ ಖಾತೆಗೆ ಹೋಗಿ, ಪಾಸ್‌ವರ್ಡ್ ಬದಲಿಸಿ, ಆ ಫೋನನ್ನು ಪಟ್ಟಿಯಿಂದ ತೆಗೆದುಹಾಕಿ. ಮಾಹಿತಿ ಅಳಿಸಲೆಂದು ಫೋನಿಗೆ ಮೊಳೆ ಹೊಡೆಯುವುದು, ಸುತ್ತಿಗೆಯಿಂದ ಜಜ್ಜುವುದು ಖಂಡಿತ ಕೂಡದು. ಒಳಗಿನ ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳಬಹುದು.

ಬ್ಯಾಟರಿಯ ಬಗ್ಗೆ ಇನ್ನಷ್ಟು ಎಚ್ಚರ ಬೇಕು. ಹಿಂಬದಿಯ ಮುಚ್ಚಳ ಒಂದು ಅಂಚಿನಲ್ಲಿ ಮೇಲೆದ್ದಿದ್ದರೆ, ಮೇಜಿನ ಮೇಲಿಟ್ಟ ಫೋನು ಸಮನಾಗಿ ಕೂರದೆ ಅಲುಗಾಡುತ್ತಿದ್ದರೆ, ಒಳಗೆ ಬ್ಯಾಟರಿ ಉಬ್ಬಿರುವ ಸಾಧ್ಯತೆ ಹೆಚ್ಚು. ಅಂಥದ್ದನ್ನು ಚಾರ್ಜಿಗೆ ಹಾಕದೆ, ಒತ್ತದೆ, ಬಿಸಿಲು ತಾಗದ ಕಡೆ ಬೇರೆಯಾಗಿಡಿ. ಒಪ್ಪಿಸುವಾಗ ಉಬ್ಬಿದೆ ಎಂದು ಬಾಯಿಬಿಟ್ಟು ಹೇಳಿ. ಕೀಪ್ಯಾಡ್ ಫೋನಿನಿಂದ ಬಿಚ್ಚಿದ ಬ್ಯಾಟರಿಯ ಲೋಹದ ತುದಿಗಳಿಗೆ ಟೇಪ್ ಅಂಟಿಸಿ.

ಇನ್ನು ಎಲ್ಲಿ ಕೊಡಬೇಕೆಂಬುದು. ಮನೆ ಬಾಗಿಲಿಗೆ ಬರುವ ಕಸದ ಗಾಡಿಯ ಒಣಕಸಕ್ಕೆ ಫೋನು ಸೇರಬಾರದು. ಗುಜರಿಗೂ ಬೇಡ. ಗುಜರಿಯವರ ಮೇಲೆ ನನಗೆ ದೂರಿಲ್ಲ, ಪೇಪರು, ಕಬ್ಬಿಣದ ವಿಷಯದಲ್ಲಿ ಊರಿಗೆ ಅವರಿಂದ ದೊಡ್ಡ ಉಪಕಾರವಾಗಿದೆ. ಆದರೆ ಅಲ್ಲಿಂದ ಕೈ ಬದಲಾಗುವ ಫೋನುಗಳು ಕೊನೆಗೆ ವೈರು ಸುಟ್ಟು, ಬೋರ್ಡನ್ನು ಆ್ಯಸಿಡ್‌ನಲ್ಲಿ ಅದ್ದಿ ಚಿನ್ನ ತೆಗೆಯುವವರ ಬಳಿ ಹೋಗುವ ಅಪಾಯವಿದೆ. ಸುಡುವ ವೈರಿನ ಹೊಗೆಯಲ್ಲಿ ಡಯಾಕ್ಸಿನ್ ಎಂಬ ವಿಷವಿರುತ್ತದೆ, ಚೆಲ್ಲಿದ ಆ್ಯಸಿಡ್ ಸೀಸ, ತಾಮ್ರಗಳನ್ನು ಚರಂಡಿಗೆ ಒಯ್ಯುತ್ತದೆ. ಕೊಕ್ಕರೆಬೆಳ್ಳೂರಿನ ಹೆಜ್ಜಾರ್ಲೆಗಳೂ ರಂಗನತಿಟ್ಟಿನ ಕೊಕ್ಕರೆಗಳೂ ಮೀನನ್ನೇ ನಂಬಿ ಬದುಕುವ ಈ ಸೀಮೆಯಲ್ಲಿ ಅಂಥ ನೀರು ಕೆರೆ, ಹೊಳೆಗಳಿಗೆ ಸೇರಬಾರದು.

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳ ಪ್ರಕಾರ ಫೋನು ತಯಾರಿಸುವ ಕಂಪನಿಗಳು ಹಳೆಯ ಫೋನುಗಳ ಮರುಸಂಸ್ಕರಣೆಯ ಹೊಣೆಯನ್ನು ಹೊರಬೇಕು. ಆದ್ದರಿಂದ ನಿಮ್ಮ ಫೋನಿನ ಕಂಪನಿಯ ಜಾಲತಾಣ ಅಥವಾ ಸಹಾಯವಾಣಿಯಲ್ಲಿ ಹತ್ತಿರದ ಸಂಗ್ರಹ ಕೇಂದ್ರವನ್ನು ವಿಚಾರಿಸಿ. ಬೇರೆ ಯಾರಾದರೂ ಸಂಗ್ರಹಕ್ಕೆ ಮುಂದೆ ಬಂದರೆ, ಅವರು ಒಪ್ಪಿಸುವ ಘಟಕ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿದೆಯೇ ಎಂದು ಕೇಳಿ. ಅನುಮಾನವಿದ್ದರೆ ಮೈಸೂರು ಅಥವಾ ಮಂಡ್ಯದಲ್ಲಿರುವ ರಾಜ್ಯ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಬಹುದು. ಒಂದೇ ಫೋನಿಗಾಗಿ ಅಲೆಯುವುದು ಕಷ್ಟವೆನಿಸಿದರೆ ಬೀದಿಯ ನಾಲ್ಕಾರು ಮನೆಯವರು ಸೇರಿ ಚಾರ್ಜರ್, ಇಯರ್‌ಫೋನುಗಳ ಸಮೇತ ಒಟ್ಟಿಗೆ ಒಪ್ಪಿಸಿ, ಫೋನಿನ ಡಬ್ಬಿಯಲ್ಲಿರುವ ಐಎಂಇಐ ಸಂಖ್ಯೆಯನ್ನು (ಆ ಫೋನಿನದೇ ಆದ ಗುರುತಿನ ಸಂಖ್ಯೆ) ನಮೂದಿಸಿದ ರಸೀದಿ ಪಡೆಯಿರಿ.